ಕಾಟನ್‌ವುಡ್ ಶಾಲೆಯ ತಲೆಯೆಣಿಕೆ

ಅಕ್ಟೋಬರ್ ತಿಂಗಳ ಮೊದಲ ಸೋಮವಾರ. ಕರುಗಳನ್ನು ತಾಯಿಯಿಂದ ಬಿಡಿಸಿ ಲಾರಿಗೆ ಏರಿಸುವ ಕಾಲ. ದಾರಿಯುದ್ದಕ್ಕೂ ದೊಡ್ಡಿಗಳಲ್ಲಿ ಹಸುಗಳು ಬೇಲಿಗೆ ಎದೆಯಾನಿಸಿ ಅರಚುತ್ತಿದ್ದವು. ಮೂರು ದಿನ ಹೀಗೇ ಕೂಗಿ, ಗಂಟಲು ಕಟ್ಟಿದ ಮೇಲೆ ಮೇವಿಗೆ ಬಾಯಿ ಹಾಕುತ್ತವೆ. ವರ್ನಾ ಹೌಗ್ಲಂಡ್ ಕಾರಿನ ಗಾಜು ಏರಿಸಿಕೊಂಡು, ಪೇಟೆಯಿಂದ ಮೂವತ್ತೆಂಟು ಮೈಲಿ ದೂರದ ಕಾಟನ್‌ವುಡ್ ಶಾಲೆಗೆ ಹೊರಟಿದ್ದಳು. ವರ್ಷಕ್ಕೊಮ್ಮೆ ಈ ದಿನ ಮಕ್ಕಳ ತಲೆ ಎಣಿಸಿ ಸಹಿ ಹಾಕುವುದು ಕೌಂಟಿಯ, ಅಂದರೆ ಜಿಲ್ಲೆಯ, ಶಾಲಾಧಿಕಾರಿಯ ಕೆಲಸ. ಜನ ಅವಳನ್ನು ಐದು ಸಲ ಆ ಕುರ್ಚಿಗೆ ಆರಿಸಿದ್ದರು. ಈ ಸಲವಂತೂ ಎದುರಾಳಿಯೇ ಇರಲಿಲ್ಲ.

ಹಿಂದೆ ಕೌಂಟಿಯಲ್ಲಿ ಹನ್ನೊಂದು ಶಾಲಾ ಮಂಡಳಿಗಳಿದ್ದವು. ಒಂದೊಂದಾಗಿ ಪೇಟೆಯ ಮಂಡಳಿಯಲ್ಲಿ ಕರಗಿ, ಹೊರಗುಳಿದದ್ದು ಕಾಟನ್‌ವುಡ್ ಒಂದೇ. ಮಕ್ಕಳು ನಾಲ್ಕಕ್ಕಿಂತ ಕಡಿಮೆಯಾದರೆ ಅದೂ ಸೇರಬೇಕು. ಆಮೇಲೆ ಒಂದೇ ಮಂಡಳಿಗೆ ಪೂರ್ತಿ ಸಂಬಳದ ಅಧಿಕಾರಿ ಯಾಕೆ ಎಂದು ಕೌಂಟಿ ಸಭೆ ಬೇಸಿಗೆಯಲ್ಲೇ ಠರಾವು ಮಾಡಿತ್ತು. ಹಾಗಾದರೆ ಜನವರಿಯಿಂದ ಅರ್ಧ ಹೊತ್ತಿನ ಕೆಲಸ, ಅರ್ಧ ಸಂಬಳ. ಅರ್ಧ ಸಂಬಳದವರಿಗೆ ಆರೋಗ್ಯ ವಿಮೆಯಿಲ್ಲ. ವರ್ನಾಳ ಗಂಡ ಆರಿನ್‌ನ ಶ್ವಾಸಕೋಶ ಗಟ್ಟಿಯಾಗುತ್ತ ಬಂದಿತ್ತು. ಅವನ ಒಂದು ತಿಂಗಳ ಮಾತ್ರೆಯ ಬೆಲೆ ಅವಳ ಎರಡು ತಿಂಗಳ ಸಂಬಳ.

ಶಾಲೆಯಲ್ಲಿ ಮೇಜು ನಾಲ್ಕು, ಮಕ್ಕಳು ಮೂವರು. ಹಾಜರಿ ಪುಸ್ತಕದಲ್ಲಿ ನಾಲ್ಕನೆಯ ಹೆಸರಿನ ಮುಂದೆ 'ಜ್ವರ' ಎಂದಿತ್ತು. ಅದು ಅಲ್ಲಿನ ದನಗಾವಲಿನ ಒಡೆಯ ಕ್ಲೇಟನ್‌ನ ಆಳಿನ ಮಗ. ಮಂಡಳಿಯ ಅಧ್ಯಕ್ಷನೂ ಆದ ಕ್ಲೇಟನ್ ಬಾಗಿಲಲ್ಲೇ ಕಾದಿದ್ದು, ಅವಳನ್ನು ಹೊರಗೆ ಧ್ವಜದ ಕಂಬದ ಹತ್ತಿರ ಕರೆದ.

"ಜ್ವರ ಅಂತಲೇ ಬರ್ಕೊ. ಯಾರು ಬಂದು ಹಣೆ ಮುಟ್ಟಿ ನೋಡ್ತಾರೆ?"

"ಆ ಮನೆ ಮುಂದಿಂದಲೇ ಬಂದೆ ಕ್ಲೇಟನ್. ಬಾಗಿಲು ಹಾರು ಹೊಡೆದಿದೆ. ನಾಯೀನೂ ಇಲ್ಲ."

ಕರು ಸಾಗಿಸಿದ್ದೇ ಆಳು ಸಂಸಾರ ಕಟ್ಟಿಕೊಂಡು ಶನಿವಾರವೇ ಹೊರಟುಹೋಗಿದ್ದ ಎಂದು ಕ್ಲೇಟನ್ ಒಪ್ಪಿಕೊಂಡ. ಎರಡು ದಿನ ತಡೆದಿದ್ದರೆ ಸಾಕಿತ್ತು ಎಂದ. ತನ್ನ ಆರು ವರ್ಷದ ಮೊಮ್ಮಗಳು ಹಿಮದಲ್ಲಿ ದಿನಾ ಎಪ್ಪತ್ತಾರು ಮೈಲಿ ಬಸ್ಸಿನಲ್ಲಿ ಕೂರಬೇಕಾಗುತ್ತದೆ ಎಂದ. "ನಿನ್ನ ಸಂಬಳಾನೂ ಉಳಿಯುತ್ತಲ್ಲ."

"ಅದಕ್ಕೇ ಆಗಲ್ಲ."

ಹಿಂದೆ ಒಂದು ಸಲ, ಬೇರೊಂದು ಶಾಲೆಗೆ, ಇಲ್ಲದ ಮಗುವನ್ನು ಅವಳೇ ಬರೆದುಕೊಂಡಿದ್ದಳು. ಆಗ ಅವಳ ಅನ್ನಕ್ಕೂ ಆ ಲೆಕ್ಕಕ್ಕೂ ನಂಟಿರಲಿಲ್ಲ, ಯಾರೂ ಕೇಳಲಿಲ್ಲ. ಈಗ ಪೇಟೆಯ ಕಾಫಿ ಅಂಗಡಿಯಲ್ಲಿ ಈ ಮಕ್ಕಳಿಗೆ 'ವರ್ನಾಳ ಸಂಬಳ' ಎಂದೇ ಹೆಸರಿಟ್ಟಿದ್ದರು. ಸಂಬಳ ಹೇಗಿದೆ, ನೆಗಡಿ ಗಿಗಡಿ ಇಲ್ಲ ತಾನೆ ಎಂದು ಅವಳನ್ನೇ ಕೇಳಿ ನಕ್ಕವರಿದ್ದರು.

ಜನ ಏನಂತಾರೋ ಎಂದಳು. ಕ್ಲೇಟನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಎರಡು ಚಳಿಗಾಲದ ಹಿಂದೆ ಆರಿನ್ ಉಸಿರು ಸಿಕ್ಕದೆ ಬಿದ್ದಾಗ, ಹದಿನಾಲ್ಕು ಮೈಲಿ ಹಿಮ ತಳ್ಳುತ್ತ ಆಂಬುಲೆನ್ಸಿನ ಮುಂದೆ ಟ್ರ್ಯಾಕ್ಟರ್ ಓಡಿಸಿದವನು ಅವನೇ. ಇಷ್ಟು ದಿನ ಆ ಮಾತು ಎತ್ತಿದವನಲ್ಲ.

"ಆವತ್ತು ಟ್ರ್ಯಾಕ್ಟರ್ ಹೊರಗೆ ತೆಗೆಯೋವಾಗ, ಜನ ಏನಂತಾರೆ ಅಂತ ನಾನು ಯೋಚಿಸ್ತಾ ಕೂರ್ಲಿಲ್ಲ ಕಣಮ್ಮ."

ವರ್ನಾ ಒಳಗೆ ಹೋಗಿ 'ಮೂರು' ಎಂದು ಅಕ್ಷರದಲ್ಲೂ ಅಂಕಿಯಲ್ಲೂ ಬರೆದು ಸಹಿ ಹಾಕಿದಳು. ಟೀಚರ್ ಹಾಜರಿ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಹೊರಗೆ ಕ್ಲೇಟನ್ ಕಾರಿನ ಬಾಗಿಲು ತೆರೆದು ಹಿಡಿದ. "ಆರಿನ್‌ನ ಕೇಳ್ದೆ ಅಂತ ಹೇಳು" ಎಂದ. ಅಷ್ಟೇ.

ಮನೆಯಲ್ಲಿ ಆರಿನ್ ಮೂಗಿನ ನಳಿಕೆ ಸರಿಪಡಿಸಿಕೊಂಡು, ಎಷ್ಟು ಎಂದು ಕೇಳಿದ. ಅವಳು ಹೇಳಿದಳು. ಕ್ಲೇಟನ್ ಬಾಯಿಬಿಟ್ಟು ಕೇಳಿದ್ದನ್ನೂ ಮುಚ್ಚಿಡಲಿಲ್ಲ. 

"ನಾನಾಗಿದ್ರೆ ನಾಲ್ಕು ಬರೀತಿದ್ದೆ" ಎಂದ, ಸಿಟ್ಟಿಲ್ಲದೆ. "ನನ್ನ ಮಾತ್ರೆಗಲ್ಲ. ಕ್ಲೇಟನ್‌ಗೆ ನಾವು ತಿರುಗಿ ಕೊಡೋಕೆ ಇದ್ದದ್ದು ಅದೊಂದೇ."