ಕಲ್ಲಿನ ಮುಂದೆ ಕಲಿತ ಪದ್ಯ

“ಪದ್ಯ ಹೇಳ್ತಿದ್ದೀಯೋ, ಬಟ್ಟೆ ಒಗೀತಿದ್ದೀಯೋ?”

ಇಂಗ್ಲಿಷ್ ಟೀಚರ್ ಕೇಳಿದ್ದೇ ತಡ, ತರಗತಿ ಘೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನವನೊಬ್ಬ ಹುಸ್, ಹುಸ್ ಎಂದು ನನ್ನನ್ನು ಅಣಕಿಸಿದ. ನಾನು ಒಂದು ಪದವನ್ನೂ ತಪ್ಪಿರಲಿಲ್ಲ. ಆದರೆ ಪ್ರತಿ ಸಾಲಿನ ಕೊನೆಗೂ ನನ್ನ ಬಾಯಿಂದ ಆ ಸದ್ದು ಹೊರಟಿತ್ತು, ಬಲಗೈ ಎದ್ದು ಬಿದ್ದಿತ್ತು.

ನಮ್ಮದು ಆಸ್ಪತ್ರೆಯ ಹಾಸುಬಟ್ಟೆ ಒಗೆಯುವ ಮನೆ. ನೆನೆದ ಬಟ್ಟೆಯನ್ನು ಕಲ್ಲಿಗೆ ಬಡಿಯುವಾಗ ಉಸಿರನ್ನು ಹುಸ್ಸೆಂದು ಬಿಟ್ಟುಬಿಡಬೇಕು; ಒಳಗೇ ಹಿಡಿದರೆ ಪಕ್ಕೆ ಹಿಡಿದುಕೊಳ್ಳುತ್ತದೆ. ಕಲ್ಲಿನ ಮುಂದೆ ನಿಂತ ಎಲ್ಲ ಹೆಂಗಸರದ್ದೂ ಅದೇ ಸದ್ದು. ಅಜ್ಜಿ ನನಗೆ ಕಥೆ ಹೇಳಿದ್ದೂ ಅಲ್ಲಿಯೇ. ಅವಳ ರಾಜಕುಮಾರಿಯರು ಒಂದು ಹುಸ್ಸಿಗೆ ಕಾಡು ದಾಟುತ್ತಿದ್ದರು, ಇನ್ನೊಂದಕ್ಕೆ ಕಡಲು. ಇಂಗ್ಲಿಷ್ ಪದ್ಯವನ್ನೂ ನಾನು ಅಲ್ಲೇ ಬಾಯಿಪಾಠ ಮಾಡಿದ್ದೆ. ಸರೋವರದ ಮೇಲೆ ಒಂಟಿಯಾಗಿ ತೇಲುವ ಬಿಳಿ ಹಕ್ಕಿಯ ಪದ್ಯ. ಅರ್ಥ ಬಿಡಿಸಿ ಹೇಳಿದಾಗ ಅಜ್ಜಿಗೆ ಹಿಡಿಸಿತ್ತು. ಹಕ್ಕಿ ಊಟಕ್ಕೇನು ಮಾಡ್ತದೆ ಅಂತ ಬರೆದೋನು ಹೇಳಲೇ ಇಲ್ವಲ್ಲ ಎಂಬುದೊಂದೇ ಅವಳ ತಕರಾರು.

ಮಾರನೆಯ ದಿನ ಹೆಡ್ ಮಾಸ್ಟರು ಬಂದು ಪದ್ಯ ಕೇಳುವವರಿದ್ದರು. ಅವರ ಮನಸ್ಸಿಗೆ ಬಂದವರು ಮುಂದಿನ ವರ್ಷ ಇಂಗ್ಲಿಷ್ ಸಾಹಿತ್ಯ ಓದುವ ವಿಭಾಗಕ್ಕೆ. ಉಳಿದವರು ಹೊಲಿಗೆ, ಇಸ್ತ್ರಿ, ಒಗೆತ ಕಲಿಸುವ ವಿಭಾಗಕ್ಕೆ. ಅಲ್ಲಿ ಪುಸ್ತಕವೇ ಇರಲಿಲ್ಲ. ಆ ದರಿದ್ರ ಸದ್ದನ್ನು ಮನೇಲಿಟ್ಟು ಬಾ ಎಂದು ಟೀಚರ್ ಹೇಳಿ ಕಳಿಸಿದರು.

ಸಂಜೆ ಸಂಗತಿ ಕೇಳಿದ ಅವ್ವ ನನ್ನನ್ನು ಕಲ್ಲಿನಿಂದ ದೂರ, ಒಣಗುವ ಬಟ್ಟೆಗಳ ನಡುವೆ ಕೂರಿಸಿದಳು. ಸುಮ್ಮನೆ ಕೂತರೆ ಪದ್ಯವೇ ಬರಲಿಲ್ಲ. ಎರಡನೇ ಸಾಲಿಗೇ ಹಕ್ಕಿ ಮುಳುಗಿಹೋಯಿತು. ಬಡಿತದ ಸದ್ದು ಬೇಕು, ಉಸಿರಿನ ಸದ್ದು ಬೇಡ. ಅವ್ವ ಸೆರಗು ಸಿಕ್ಕಿಸಿ ಕಲ್ಲಿನ ಮುಂದೆ ನಿಂತಳು.

“ನಾನು ಬಾಯಿ ಮುಚ್ಕೊಂಡು ಒಗೀತೀನಿ. ನೀನು ಬರೀ ಕಲ್ಲಿನ ಸದ್ದು ಕೇಳ್ಕೊಂಡು ಹೇಳು.”

ತುಟಿ ಬಿಗಿದು ಬಡಿಯತೊಡಗಿದಳು. ಹುಚ್ಚು ಮುಂಡೇದೇ, ಎದೆ ಒಡ್ಕೊಂಡು ಸಾಯ್ತೀಯಾ ಎಂದು ಅಜ್ಜಿ ಬೈದಳು. ಅವ್ವ ನಿಲ್ಲಿಸಲಿಲ್ಲ. ಬಟ್ಟೆಯ ರಾಶಿ ಕರಗುವ ಹೊತ್ತಿಗೆ ನನ್ನ ಪದ್ಯ ನೀರು ಕುಡಿದಷ್ಟು ಸಲೀಸಾಗಿತ್ತು. ಅವ್ವ ಪಕ್ಕೆ ಒತ್ತಿಕೊಂಡು ಕಲ್ಲಿಗೊರಗಿ ಕೂತಿದ್ದಳು. ಉಸಿರು ಎಳೆದರೂ ನೋವು, ಬಿಟ್ಟರೂ ನೋವು. ಬೆಳಿಗ್ಗೆ ನನ್ನ ಜಡೆ ಹೆಣೆಯಲು ಅವಳ ಕೈ ಮೇಲೇಳಲಿಲ್ಲ, ಅಜ್ಜಿ ಹೆಣೆದಳು.

ಹೆಡ್ ಮಾಸ್ಟರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಶುರು ಮಾಡಿದೆ. ಒಂದು ಸಾಲು, ಮತ್ತೊಂದು, ಮಗದೊಂದು. ಹುಸ್ಸಿನ ಸುಳಿವಿಲ್ಲ. ಪದ್ಯ ಅರ್ಧಕ್ಕೆ ಬಂದಾಗ ಅವರು ಕೈಯೆತ್ತಿ ತಡೆದು ಟೀಚರ್ ಕಡೆ ತಿರುಗಿದರು.

“ಪರವಾಗಿಲ್ಲ ಕಣ್ರೀ. ದನದ ಥರ ಬುಸುಗುಡ್ತಾಳೆ ಅಂದ್ರಿ, ಪಳಗಿಸಿಬಿಟ್ಟಿದ್ದೀರಿ. ಈ ಬಟ್ಟೆ ಬಡಿಯೋ ಜನಕ್ಕೆ ಎರಡು ಬಿಗಿದ್ರೆ ಎಲ್ಲಾ ಬರುತ್ತೆ.”

ಟೀಚರ್ ನಾಚಿಕೊಂಡು ನಕ್ಕರು. ಮುಂದಕ್ಕೆ ಹೇಳು ಎಂದು ನನಗೆ ಸನ್ನೆ ಮಾಡಿದರು.

ಕೈ ತಾನಾಗಿ ಬಿಚ್ಚಿಕೊಂಡಿತು ಎಂದರೆ ಸುಳ್ಳಾಗುತ್ತದೆ. ನಾನೇ ಬಿಚ್ಚಿದೆ. ಸಾಲು ಮುಗಿಯುತ್ತಲೇ ತೋಳು ಬೀಸಿ ಹುಸ್ಸೆಂದೆ. ಮುಂದಿನ ಸಾಲಿಗೆ ಇನ್ನೂ ಜೋರಾಗಿ. ಅವ್ವ ಹಿಡಿದಿಟ್ಟಿದ್ದ ಉಸಿರೆಲ್ಲ ನನ್ನ ಬಾಯಿಂದ ಹೊರಡುತ್ತಿತ್ತು. ಈ ಕೊಳಕು ಮುಂಡೇದನ್ನ ಆಚೆ ಹಾಕ್ರೋ ಎಂದು ಹೆಡ್ ಮಾಸ್ಟರು ಅರಚಿದರು. ಜವಾನ ರಟ್ಟೆ ಹಿಡಿದು ಎಳೆಯುವಾಗಲೂ ಹಕ್ಕಿ ನೀರಿನ ಮೇಲೇ ಇತ್ತು. ಕೊನೆಯ ಸಾಲನ್ನು ಬಾಗಿಲಾಚೆ ಮುಗಿಸಿದೆ.

ಮನೆಗೆ ಬಂದು ಅವ್ವನಿಗೆ ಒಂದೂ ಬಿಡದೆ ಹೇಳಿದೆ. ಅಜ್ಜಿಯ ಕಥೆಗಳಲ್ಲಾಗಿದ್ದರೆ ಇಂಥ ಮಗಳನ್ನು ತಾಯಿ ತಬ್ಬಿಕೊಳ್ಳುತ್ತಿದ್ದಳು. ಅವ್ವ ಕೇಳಿದ್ದು, ಯಾವ ವಿಭಾಗಕ್ಕೆ ಹಾಕಿದರು ಅಂತ. ಒಗೆತದ್ದಕ್ಕೆ ಎಂದೆ.

“ಹಾಗಾದ್ರೆ ನಾನು ಯಾವ ಸುಖಕ್ಕೆ ಉಸಿರು ಹಿಡಿದೆನೇ?”

ತೊಟ್ಟಿಯಲ್ಲಿ ದೊಡ್ಡ ಹಾಸುಬಟ್ಟೆಯೊಂದು ಬಿದ್ದಿತ್ತು. ಅದನ್ನು ಹಿಂಡಲು ಎದುರುಬದುರು ಇಬ್ಬರು ನಿಲ್ಲಬೇಕು. ನಾನು ಒಂದು ತುದಿ ಹಿಡಿದೆ. ಅವ್ವ ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡು ಕಂಬಕ್ಕೆ ಸುತ್ತಿದಳು. ಒಂದು ಕೈಯಿಂದ ಪಕ್ಕೆ ಒತ್ತಿ ಹಿಡಿದು, ಇನ್ನೊಂದರಿಂದ ಹಿಂಡತೊಡಗಿದಳು. ತಿರುವಿದಷ್ಟೂ ನೀರು ಬರುತ್ತಲೇ ಇತ್ತು.