ಊರಗಿಡ

ಅಣ್ಣನ ಬಿಳಿ ಅಂಗಿಗೆ, ಅವನು ತೊಟ್ಟಿರುವಾಗಲೇ, ತಂಗಿ ಗುಂಡಿ ಹಚ್ಚುತ್ತಿದ್ದಳು. ಅವನು ಚಿಕ್ಕ ಮಗುವಿನ ಹಾಗೆ ಗದ್ದ ಮೇಲೆತ್ತಿ ನಿಂತಿದ್ದ. ದಾರವನ್ನು ಹಲ್ಲಿನಿಂದ ಕಡಿಯಲು ಬಾಗಿದಾಗ ಅವನ ಎದೆಯೊಳಗೆ ಉಸಿರು ತಡೆತಡೆದು ಹೋಗುವುದು ಕೇಳಿಸಿತು.

ಅತ್ತಿಗೆ ಮುಂದಿನ ಕೋಣೆಯಲ್ಲಿ ಮಲಗಿದ್ದಳು. ಹೈಸ್ಕೂಲಿನಲ್ಲಿ ಗಿಡಮರಗಳ ಪಾಠ ಹೇಳಿದವಳು, ಊರಿಗೆಲ್ಲ ಟೀಚರ್. ಬಸ್ ಓಡಿಸಿ ನಿವೃತ್ತನಾದ ಗಂಡನನ್ನೂ ಜನ ‘ಟೀಚರ್ ಮನೆಯವರು’ ಅಂತಲೇ ಕರೆಯುತ್ತಿದ್ದರು.

ಹಿತ್ತಿಲಿನಿಂದ ಪರಪರ ಸದ್ದು ಬಂತು.

“ಏನಣ್ಣ ಅದು?”

“ಎಲೆಕ್ಟ್ರಿಷಿಯನ್ನೂ ಅವನ ಸ್ನೇಹಿತರೂ. ಮಣ್ಣಿಗೆ ಬರೋರಿಗೆ ಕುರ್ಚಿ ಹಾಕೋಕೆ ಜಾಗ ಮಾಡ್ತೀವಿ ಅಂದ್ರು. ಹೂಂ ಅಂದೆ.”

ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಬಿಳಿಚಿತು. ತಂಗಿ ಸೂಜಿ ಹಿಡಿದುಕೊಂಡೇ ಓಡಿದಳು.

ಗೋಡೆಯವರೆಗೂ ಬರೀ ಮಣ್ಣು. ಕಿತ್ತ ಗಿಡಗಳು ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಟೀಚರ ಹಳೆಯ ವಿದ್ಯಾರ್ಥಿಯಾದ ಎಲೆಕ್ಟ್ರಿಷಿಯನ್ ಬೆವರೊರೆಸಿಕೊಂಡು ನಕ್ಕ.

“ನೋಡಿ ಅಕ್ಕ, ಹೆಂಗೆ ನೀಟಾಯ್ತು. ಪಾಪ, ಟೀಚರಿಗೆ ಹುಷಾರಿಲ್ದೆ ಎಷ್ಟು ಕಳೆ ಬೆಳೆದುಬಿಟ್ಟಿತ್ತು!”

“ಕೈಯಲ್ಲಿರೋದು ಕೆಳಗಿಡು! ಎಲ್ಲಾರೂ ಗೋಡೆ ಪಕ್ಕ ಹೋಗಿ ನಿಂತ್ಕೊಳ್ಳಿ!”

ತಂಗಿಯ ಬಾಯಿಂದ ಬಂದರೂ ಆ ದನಿ ಟೀಚರದ್ದೇ. ಮೀಸೆ ಹೊತ್ತ ಮೂವರೂ ಗೋಡೆಗೆ ಬೆನ್ನು ಹಚ್ಚಿ ನಿಂತರು. ಒಬ್ಬ ಕೈ ಕಟ್ಟಿಕೊಂಡ. ಒಳಗಿದ್ದವರಲ್ಲಿ ಯಾರೋ ಎದ್ದು, ಮುಂದಿನ ಕೋಣೆಗೆ ಹೋಗಿ, ಟೀಚರ್ ಮಲಗಿಯೇ ಇದ್ದಾರೆಯೇ ಎಂದು ನೋಡಿ ಬಂದರು.

*

ತಂಗಿ ಗಂಡನ ಮನೆ ಬಿಟ್ಟು ಹೊಲಿಗೆ ಯಂತ್ರದೊಂದಿಗೆ ಬಂದಾಗ ಒಂದು ವಾರ ಇರುತ್ತೇನೆ ಎಂದಿದ್ದಳು. ಆ ವಾರ ಮುಗಿಯಲೇ ಇಲ್ಲ. ಅಡುಗೆಮನೆಯಲ್ಲಿ ಡಬ್ಬಗಳ ಜಾಗ ಬದಲಾಯಿತು, ರೇಡಿಯೋ ದನಿ ದೊಡ್ಡದಾಯಿತು. ಹಿತ್ತಿಲಿನ ಕಳೆ ಹೂ ಬಿಟ್ಟಿದ್ದೇ ಅವಳಿಗೆ ಸೀನೋ ಸೀನು.

“ಅತ್ತಿಗೆ, ಆ ದರಿದ್ರಾನ ಕಿತ್ತು ಬಿಸಾಕಬಾರದಾ?”

ಎಲ್ಲಿಂದಲೋ ಕಾಳುಮೂಟೆಗಳ ಜೊತೆ ರೈಲಿನಲ್ಲಿ ಬಂದಿಳಿದ ಕಳೆ ಅದು. ಜನ ಗೂಡ್ಸ್ ಗಿಡ ಎನ್ನುತ್ತಿದ್ದರು. ಹಳಿಯ ಪಕ್ಕ ನೀಲಿ ಹೂ ಬಿಡುತ್ತಿದ್ದ ಊರಗಿಡವನ್ನೆಲ್ಲ ಅದು ನುಂಗಿಹಾಕಿತ್ತು. ಅತ್ತಿಗೆ ಬೇಕೆಂದೇ ಎರಡನ್ನೂ ಒಂದೇ ಪಾತಿಯಲ್ಲಿ ಬೆಳೆಸುತ್ತಿದ್ದಳು.

“ಕಿತ್ರೆ ಊರಗಿಡ ಸುಖವಾಗಿರುತ್ತೆ ಕಣೆ, ಈ ಪಾತೀಲಿ ಮಾತ್ರ. ಆಚೆ ಹಾಕಿದ್ರೆ ಮತ್ತೆ ಸಾಯುತ್ತೆ. ಕಳೆ ಮಧ್ಯೆ ಬದುಕಿ ಹೂ ಬಿಟ್ಟಿತಲ್ಲ, ಅದರ ಬೀಜ ಮಾತ್ರ ಬಿತ್ತೋದು. ಅದರ ಮಕ್ಕಳಲ್ಲಿ ಉಳಿದವುಗಳದ್ದು ಮುಂದಿನ ವರ್ಷ. ಹಂಗೇ ಹೋಗ್ತಾ ಹೋಗ್ತಾ, ಗೂಡ್ಸ್ ಗಿಡದ ಪಕ್ಕದಲ್ಲೇ ಜಗ್ಗದೆ ನಿಲ್ಲೋ ಊರಗಿಡ ಬರುತ್ತೆ.”

“ಯಾವಾಗ ಬರುತ್ತೆ?”

“ನಾನು ನಿನಗೆ ಹೊಂದಿಕೊಳ್ಳೋ ಹೊತ್ತಿಗೆ.”

ಪೇಪರಿನ ಹಿಂದೆ ಅಣ್ಣ ಕಿಸಕ್ಕೆಂದ. ತಂಗಿ ಮಾತು ಬಿಟ್ಟಳು. ಅತ್ತಿಗೆಯ ಹೊಸ ಬಟ್ಟೆಗೆ ತೋಳು ಬಿಗಿಯಾಗಿ ಹೊಲಿದು ಸೇಡು ತೀರಿಸಿಕೊಂಡಳು. ಅತ್ತಿಗೆ ಅದನ್ನೇ ತೊಟ್ಟು ಶಾಲೆಗೆ ಹೋಗಿ, ಕೈ ಎತ್ತಲಾಗದೆ, ಇಡೀ ಪಾಠವನ್ನು ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೆದು ಬಂದಳು.

ಆಮೇಲೆ ಕಳೆ ಹೂ ಬಿಡುವ ಕಾಲಕ್ಕೆ ಅತ್ತಿಗೆ ತಾನಾಗಿ ಹೋಗಿ ತಂಗಿಯ ಕಿಟಕಿ ಮುಚ್ಚುತ್ತಿದ್ದಳು. ತಂಗಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸೀನುತ್ತಲೇ, ಬೀಜದ ಡಬ್ಬಿ ಹಿಡಿಯುತ್ತಿದ್ದಳು. ನೀಲಿ ಹೂ ಕಂಡರೆ ಯಾರಿಗಾದರೂ ಗುರುತು. ಹೂ ಬರುವ ಮೊದಲೇ ಗುರುತು ಹಿಡಿಯುತ್ತಿದ್ದವಳು ಅತ್ತಿಗೆ ಮಾತ್ರ.

“ಈ ಸಲ ಬರೋ ಬೀಜ ಹಳಿ ಪಕ್ಕ ಚೆಲ್ಲಿಬಿಡೋಣ,” ಎಂದು ಹಾಸಿಗೆ ಹಿಡಿದ ಮೇಲೆ ಹೇಳಿದ್ದಳು. “ನನಗೆ ಧೈರ್ಯ ಬಂದಿದೆ.”

*

ತಂಗಿ ರಾಶಿಯ ಮೇಲೆ ಒದ್ದೆ ಗೋಣಿ ಹೊದಿಸಿದಳು. ಅಷ್ಟರಲ್ಲಿ ವ್ಯಾನು ಬಂತು.

ದಾರಿಯಲ್ಲಿ ಅಣ್ಣ ಒಮ್ಮೆ ಮಾತ್ರ ಬಾಯಿ ಬಿಟ್ಟ. “ತಮ್ಮಾ, ಗೇರು ಮೆತ್ತಗೆ ಹಾಕಪ್ಪ. ಕುಲುಕಿದ್ರೆ ಅವಳಿಗೆ ಆಗಲ್ಲ.”

ಮಣ್ಣು ಮುಗಿಸಿ ಬಂದವರು ನೇರ ಹಿತ್ತಿಲಿಗೆ ಹೋದರು. ಎಲೆಕ್ಟ್ರಿಷಿಯನ್ ಮುಖ ಎತ್ತಲಿಲ್ಲ.

“ಅಕ್ಕ, ಬೈದುಬಿಡಿ ಒಂದ್ಸಲ.”

“ಆಮೇಲೆ ಬೈತೀನಿ, ಪುರಸೊತ್ತಿಲ್ಲ. ಕೂತ್ಕೋ.”

“ಎಲ್ಲಾನೂ ವಾಪಸ್ ನೆಟ್ಟುಬಿಟ್ರೆ?”

“ರಾಶಿ ನೋಡೋ. ಅಷ್ಟು ನೆಡೋ ಹೊತ್ತಿಗೆ ಎಲ್ಲಾ ಬಾಡಿರುತ್ತೆ. ಊರಗಿಡ ಮಾತ್ರ ಆರಿಸಬೇಕು.”

“ಬೇರೆ ಬೀಜ ಇಲ್ವಾ?”

“ಇದ್ದದ್ದೆಲ್ಲ ಬಿತ್ತಿದ್ಲು,” ಅಣ್ಣ ಹೇಳಿದ. “ಇವು ಹೂ ಬಿಟ್ರೇನೇ ಮುಂದಕ್ಕೆ ಬೀಜ. ಇಲ್ಲಾಂದ್ರೆ ಮುಗೀತು.”

“ಊರಗಿಡ ನಂಗೊತ್ತು ಬಿಡಿ. ಪರೀಕ್ಷೇಲಿ ಚಿತ್ರ ಬರೆದಿದ್ದೆ. ಗೇಣುದ್ದ ಇರುತ್ತೆ, ದುಂಡನೆ ಎಲೆ.”

ಹುಡುಕಿದರು. ರಾಶಿಯಲ್ಲಿ ಗೇಣುದ್ದದ್ದು ಒಂದೂ ಇರಲಿಲ್ಲ. ದುಂಡನೆ ಎಲೆಯೂ ಸಿಗಲಿಲ್ಲ.

“ಅದು ಆಗಿನ ಗಿಡ ಕಣೋ,” ತಂಗಿ ನಿಧಾನವಾಗಿ ಹೇಳಿದಳು. “ಗಿಡ್ಡ ಇದ್ದವೆಲ್ಲ ಬಿಸಿಲು ಸಿಗದೆ ಎಂದೋ ಸತ್ತವು. ಎತ್ತರ ಇದ್ದವುಗಳ ಬೀಜವೇ ಉಳೀತಾ ಬಂತು. ಈಗ ಇದೂ ಗೂಡ್ಸ್ ಗಿಡದಷ್ಟೇ ಉದ್ದ, ಎಲೇನೂ ಹಂಗೇ ಸಪೂರ.”

“ಮತ್ತೆ ಗುರುತು ಹಿಡಿಯೋದು ಹೆಂಗೆ?”

ತಂಗಿ ಒಂದು ಎಲೆ ಹಿಸುಕಿ ಮೂಸಿದಳು. ಇನ್ನೊಂದನ್ನು ಮೂಸಿದಳು. ಗೊತ್ತಾಗದೆಂದು ತಲೆಯಾಡಿಸಿದಳು.

ಅಣ್ಣ ಮಂಡಿಯೂರಿ ಕುಳಿತು ಗೋಣಿ ಪೂರ್ತಿ ಸರಿಸಿದ. ಎರಡೂ ಕೈಗೆ ಒಂದೊಂದು ಗಿಡ ಎತ್ತಿಕೊಂಡು ಬೆಳಕಿಗೆ ಹಿಡಿದ. ಒಂದೇ ಎತ್ತರ, ಒಂದೇ ಹಸಿರು. ಬೇರಿನ ಒದ್ದೆ ಮಣ್ಣು ಅವನ ಮೊಣಕೈಗೆ ಇಳಿಯುತ್ತಿತ್ತು. ಸುತ್ತ ನಿಂತವರೆಲ್ಲ ಆ ಕೈ ನೋಡಿದರು, ಈ ಕೈ ನೋಡಿದರು.

“ಇದರಲ್ಲಿ ಅವಳದ್ದು ಯಾವುದು, ಯಾರಾದ್ರೂ ತೋರಿಸಿ.”