ಕೊಟ್ಟಿಗೆಯಲ್ಲಿ ಕಟ್ಟಿದ ಮಾತು

ಹದಿನಾಲ್ಕು ವರ್ಷ ಕೂತು ಹಾಲು ಕರೆದು ಹಾಲಕ್ಕನ ಸೊಂಟ ಹಿಡಿದುಹೋಗಿತ್ತು. ಆ ಫಾರ್ಮಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಹಸು ನೋಡಲು ಬರುವ ಪರದೇಶದವರನ್ನು ಸುತ್ತಾಡಿಸಿ ವಿವರ ಹೇಳುವ ಕೆಲಸ ಈಗ ಖಾಲಿಯಾಗಿತ್ತು. ಅದು ಸಿಕ್ಕರೆ ನಿಂತು, ನಡೆದು ಬದುಕಬಹುದು. ಆದರೆ ಅದಕ್ಕೆ ಇಂಗ್ಲಿಷ್ ಬೇಕು.

ಮಗಳ ಹಳೆಯ ಇಂಗ್ಲಿಷ್ ಪುಸ್ತಕ ಬಿಡಿಸಿದರೆ, ಒಂಟಿಯಾಗಿದ್ದಾಗ ಒಂದು ಅರ್ಥ ಕೊಡುವ ಪದ, 'ಅಪ್', 'ಔಟ್' ಎಂಬ ಬಾಲ ಅಂಟಿದ ಕೂಡಲೇ ಬೇರೆಯೇ ಜಾತಿಯದಾಗುತ್ತಿತ್ತು. ಮಧ್ಯಾಹ್ನ ಉರು ಹೊಡೆದದ್ದು ಸಂಜೆಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕೊನೆಗೆ ಅವಳು ಒಂದು ಹಸುವಿಗೆ ಒಂದು ಮಾತು ಕಟ್ಟಿದಳು. ಒದೆಯುವ ಕಪ್ಪಿಗೆ 'ಪುಟ್ ಅಪ್ ವಿತ್', ಅಂದರೆ ಸಹಿಸಿಕೊ. ಹಾಲು ಬತ್ತುತ್ತಿದ್ದ ಮುದುಕಿಗೆ 'ರನ್ ಔಟ್', ತೀರಿಹೋಯಿತು. ಕರುವನ್ನು ಬಿಟ್ಟಿರದ ಕೆಂಪಿಗೆ 'ಲುಕ್ ಆಫ್ಟರ್', ನೋಡಿಕೊ. ಹಾಲು ಕರೆಯುತ್ತ ಕರೆಯುತ್ತ ಅದನ್ನೇ ಹೇಳುವಳು.

ಸಗಣಿ ಬಾಚುತ್ತಿದ್ದ ಮೈದುನ ಛೇಡಿಸಿದ: "ಅತ್ತಿಗೆ, ನಿಮಗಿಂತ ಮೊದಲು ಹಸುಗಳೇ ಪಾಸಾಗ್ತವೆ."

"ಆಗ್ಲಿ ಬಿಡು. ನಿನಗೆ ಪಾಠ ಹೇಳೋಕೆ ಯಾರಾದ್ರೂ ಬೇಕಲ್ಲ."

ಎರಡು ತಿಂಗಳಾದ ಮೇಲೆ ಫಾರ್ಮಿನ ಮ್ಯಾನೇಜರಮ್ಮ ಆ ಕೆಲಸದ ಪರೀಕ್ಷೆಗೆಂದು ಅವಳನ್ನು ಆಫೀಸಿನ ಕುರ್ಚಿಯಲ್ಲಿ ಕೂರಿಸಿ ಕೇಳಿದರು: "ಮೇವು ಮುಗಿದುಹೋಯ್ತು ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಳಿ."

ಕಲಿತದ್ದೆಲ್ಲ ಅಲ್ಲಿ ಕೊಟ್ಟಿಗೆಯ ಗೂಟಕ್ಕೆ ಕಟ್ಟಿಕೊಂಡೇ ಉಳಿದಿತ್ತು. ಇನ್ನೊಂದು ಪ್ರಶ್ನೆ ಕೇಳಿದರು. ಮ್ಯಾನೇಜರಮ್ಮ ಪೆನ್ನಿನ ಮುಚ್ಚಳ ಹಾಕಿದರು.

"ಮೇಡಂ, ಕುರ್ಚೀಲಿ ಕೂತ್ರೆ ನನಗೆ ಬರಲ್ಲ. ಒಂದು ಸಲ ಕೊಟ್ಟಿಗೆಗೆ ಬರ್ತೀರಾ?"

"ಸೀರೆಗೆ ಸಗಣಿ ಹತ್ತಿದ್ರೆ?"

"ನಾನೇ ಒಗೆದು ಕೊಡ್ತೀನಿ."

ಕೊಟ್ಟಿಗೆಯಲ್ಲಿ ಒಂದೊಂದು ಹಸುವಿನ ಬೆನ್ನಿನ ಮೇಲೆ ಕೈಯಿಟ್ಟ ಹಾಗೆಲ್ಲ ಒಂದೊಂದು ಮಾತು ಬಾಯಿಗೆ ಬಂತು. ತಡವರಿಸಿದರೂ ಬಂತು. ಸಾಲಿನ ತುದಿಯಲ್ಲಿ ನಿನ್ನೆ ಸಂಜೆಯಷ್ಟೇ ಬಂದಿಳಿದ, ಇನ್ನೂ ಕರು ಹಾಕದ ಕಡಸು ಹುಲ್ಲು ಮುಟ್ಟದೆ ನಡುಗುತ್ತಿತ್ತು. ಅದಕ್ಕಿನ್ನೂ ಯಾವ ಮಾತನ್ನೂ ಕಟ್ಟಿರಲಿಲ್ಲ. ಮ್ಯಾನೇಜರಮ್ಮ ಬೇಕೆಂದೇ ಅಲ್ಲಿ ನಿಂತು, ಇದಕ್ಕೇನಾಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಹಾಲಕ್ಕ ಅದರ ಕೊರಳಡಿ ಜೋಲುವ ಗಂಗೆದೊಗಲು ಸವರಿದಳು. ಸವರುತ್ತಲೇ ಇದ್ದಳು.

"ಶೀ ಈಸ್ ನ್ಯೂ," ಎಂದಳು. "ಗಿವ್ ಹರ್ ಟೈಮ್."

ಪುಸ್ತಕದಲ್ಲಿ ಓದಿದ್ದೋ, ಯಾರೋ ಆಡಿದ್ದು ಕೇಳಿದ್ದೋ, ಅವಳಿಗೇ ಗೊತ್ತಾಗಲಿಲ್ಲ.

"ಸೋಮವಾರ ಪರದೇಶದವರಿಬ್ಬರು ಬರ್ತಾರೆ," ಎಂದರು ಮ್ಯಾನೇಜರಮ್ಮ. "ನೀವೇ ತೋರಿಸಿ. ನಾನೂ ಜೊತೆಗಿರ್ತೀನಿ."

"ಇರಿ ಮೇಡಂ. ಆದ್ರೆ ನನ್ನ ಹಿಂದೆ ಇರಿ. ಎದುರಿಗೆ ನಿಂತ್ರೆ ನಾಚಿಕೆ ಆಗುತ್ತೆ."